ಎಮರ್ಜೆನ್ಸಿ ಬಾಗಿಲ ಒಳಗೆ: ಪೇಷಂಟ್ ಕಡೆಯವರು ತಿಳಿದಿರಬೇಕಾದದ್ದು

"ನಾವು ಬಂದು ಅರ್ಧ ಗಂಟೆ ಆಯ್ತು. ಈಗ ಬಂದವರನ್ನ ಮೊದಲು ಒಳಗೆ ಕರ್ಕೊಂಡ್ರಲ್ಲ, ಇದ್ಯಾವ ನ್ಯಾಯ?"

ಬೆಂಗಳೂರಿನ ಯಾವ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿ ಮುಂದೆ ರಾತ್ರಿ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಕೇಳುವವರ ಸಂಕಟ ಸುಳ್ಳಲ್ಲ. ಮನೆಯವರು ಸ್ಟ್ರೆಚರ್ ಮೇಲೆ ನರಳುತ್ತಿರುವಾಗ ಐದು ನಿಮಿಷ ಕಾಯುವುದೂ ಕಷ್ಟ. ಆದರೆ ಒಪಿಡಿಯ ಲೆಕ್ಕ ಬೇರೆ, ಎಮರ್ಜೆನ್ಸಿಯ ಲೆಕ್ಕ ಬೇರೆ. ಒಪಿಡಿಯಲ್ಲಿ ಟೋಕನ್ ನಂಬರಿನ ಪ್ರಕಾರ ಕರೆಯುತ್ತಾರೆ. ಎಮರ್ಜೆನ್ಸಿಯಲ್ಲಿ ಯಾರ ಜೀವಕ್ಕೆ ಹೆಚ್ಚು ಅಪಾಯವಿದೆಯೋ ಅವರನ್ನು ಮೊದಲು ಕರೆಯುತ್ತಾರೆ, ಅವರು ಬಂದು ಒಂದೇ ನಿಮಿಷ ಆಗಿದ್ದರೂ ಸರಿ.

ಹಾಗಾದರೆ ಪೇಷಂಟ್ ಕಡೆಯವರು ಸುಮ್ಮನೆ ಕೂತಿರಬೇಕೇ? ಖಂಡಿತ ಅಲ್ಲ. ಆ ಬಾಗಿಲ ಒಳಗಿರುವ ಡಾಕ್ಟರಿಗೆ ನಿಮ್ಮ ಅಪ್ಪನ ಬಗ್ಗೆ ಏನೇನೂ ಗೊತ್ತಿಲ್ಲ. ಯಾವಾಗ ಶುರುವಾಯಿತು, ಹೇಗೆ ಶುರುವಾಯಿತು, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಮೊದಲು ಏನಾಗಿತ್ತು ಎಂಬುದೆಲ್ಲ ನಿಮಗೆ ಮಾತ್ರ ಗೊತ್ತು. ಆ ಹೊತ್ತಿನಲ್ಲಿ ಓಡಾಟ, ಪ್ರಭಾವ, ಫೋನ್ ಕರೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ನೀವು ನೆಟ್ಟಗೆ ಹೇಳುವ ಈ ನಾಲ್ಕು ಸಂಗತಿಗಳು. ಚಿಕಿತ್ಸೆಯ ದಿಕ್ಕು ಬದಲಾಗುವುದೇ ಅದರಿಂದ ಎನ್ನುವುದು ಮುಂದೆ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮನೆಯಿಂದ ಹೊರಡುವ ಮುಂಚೆ

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಶುರುವಾದ ಸೇವೆ ಇದು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಸೇರಿ 112 ಇದೆ. ಕರೆ ಎತ್ತಿದವರಿಗೆ ಬರೀ "ರಾಜಾಜಿನಗರ" ಎಂದರೆ ಸಾಲದು. ಯಾವ ಬ್ಲಾಕ್, ಎಷ್ಟನೇ ಮುಖ್ಯರಸ್ತೆ, ಎಷ್ಟನೇ ಅಡ್ಡರಸ್ತೆ, ಹತ್ತಿರ ಯಾವ ದೇವಸ್ಥಾನ ಅಥವಾ ಶಾಲೆ ಎಂದು ಹೇಳಿ. ಒಬ್ಬರು ಬೀದಿಯ ತುದಿಗೆ ಹೋಗಿ ನಿಂತುಕೊಳ್ಳಲಿ. ನಮ್ಮ ಬಡಾವಣೆಗಳಲ್ಲಿ ಒಂದೇ ನಂಬರಿನ ಕ್ರಾಸ್ ನಾಲ್ಕು ಕಡೆ ಇರುತ್ತದೆ.

ಆಂಬುಲೆನ್ಸಿಗೇ ಕಾಯಬೇಕೇ, ಸಿಕ್ಕ ಆಟೋದಲ್ಲಿ ಹೋಗಬಹುದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿರುವುದು, ಬಿದ್ದು ಕುತ್ತಿಗೆ ಅಥವಾ ಬೆನ್ನುಮೂಳೆಗೆ ಪೆಟ್ಟು, ನಿಲ್ಲದ ರಕ್ತಸ್ರಾವ, ಇವಕ್ಕೆ ಆಂಬುಲೆನ್ಸೇ ಬೇಕು. ಆಮ್ಲಜನಕ ಕೊಡುವ, ಕುತ್ತಿಗೆ ಅಲುಗದಂತೆ ಹಿಡಿಯುವ ತರಬೇತಿ ಆದವರು ಅದರಲ್ಲಿರುತ್ತಾರೆ. ಕೈ ಮುರಿದಿದೆ, ಮನುಷ್ಯ ಕೂರಬಲ್ಲ, ಆಸ್ಪತ್ರೆ ಎರಡು ಕಿಲೋಮೀಟರಿನಲ್ಲಿದೆ ಎಂದರೆ ಆಟೋ ಸಾಕು. ಎದೆನೋವು ಬಂದವರು ಮಾತ್ರ ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು, ಬೈಕಿನ ಹಿಂದೆ ಕೂತೂ ಹೋಗಬಾರದು.

ಎಲ್ಲಿಗೆ ಹೋಗಬೇಕು ಎನ್ನುವುದು ಬೆಂಗಳೂರಿನಲ್ಲಿ ದೊಡ್ಡ ಪ್ರಶ್ನೆ. ಹೃದಯಕ್ಕೆ ಜಯದೇವ, ಮೆದುಳು, ಫಿಟ್ಸ್, ತಲೆಗೆ ಪೆಟ್ಟಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್, ಮೂಳೆಗೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ, ಕಣ್ಣಿಗೆ ಮಿಂಟೋ, ಮಕ್ಕಳಿಗೆ ಇಂದಿರಾ ಗಾಂಧಿ, ಹೆರಿಗೆಗೆ ವಾಣಿ ವಿಲಾಸ, ಸುಟ್ಟ ಗಾಯಕ್ಕೆ ವಿಕ್ಟೋರಿಯಾದ ಬರ್ನ್ಸ್ ವಾರ್ಡ್ ಎಂದು ಊರಿಗೆಲ್ಲ ಬಾಯಿಪಾಠ. ಆದರೆ ಯಲಹಂಕದಲ್ಲಿ ಎದೆನೋವು ಬಂದವರು ದಾರಿಯಲ್ಲಿರುವ ಆಸ್ಪತ್ರೆಗಳನ್ನೆಲ್ಲ ಬಿಟ್ಟು ಸಂಜೆಯ ಟ್ರಾಫಿಕ್ಕಿನಲ್ಲಿ ಬನ್ನೇರುಘಟ್ಟ ರಸ್ತೆ ಕಡೆ ಹೊರಡುವುದು ಸರಿಯಲ್ಲ. ಹತ್ತಿರದಲ್ಲಿ ಇಸಿಜಿ ತೆಗೆದು ಮೊದಲ ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆ ಮೊದಲು, ಹೆಸರಾಂತ ಆಸ್ಪತ್ರೆ ಆಮೇಲೆ. ಅಪಘಾತದಲ್ಲಿ ತಲೆಯ ಜೊತೆ ಎದೆ, ಹೊಟ್ಟೆಗೂ ಪೆಟ್ಟಾಗಿದ್ದರೆ ಒಂದೇ ಅಂಗಕ್ಕೆ ಮೀಸಲಾದ ಆಸ್ಪತ್ರೆಗಿಂತ ಎಲ್ಲ ವಿಭಾಗಗಳೂ ಇರುವ ಜನರಲ್ ಆಸ್ಪತ್ರೆಗೆ ಹೋಗುವುದು ಮೇಲು.

ಇದನ್ನೆಲ್ಲ ಆ ಗಾಬರಿಯಲ್ಲಿ ಯೋಚಿಸಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹತ್ತಿರ 24 ಗಂಟೆಯೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ರಾತ್ರಿಯೂ ಆಂಜಿಯೋಪ್ಲಾಸ್ಟಿ (ಮುಚ್ಚಿದ ಹೃದಯದ ರಕ್ತನಾಳವನ್ನು ತೆಳು ನಳಿಕೆ ತೂರಿಸಿ ತೆರೆಯುವುದು) ಮಾಡುವ ಕ್ಯಾತ್ ಲ್ಯಾಬ್ ಇರುವುದು ಯಾವುದರಲ್ಲಿ ಎಂದು ವಿಚಾರಿಸಿ ಇಟ್ಟುಕೊಳ್ಳಿ. ಬೀದಿ ತುದಿಯ ನರ್ಸಿಂಗ್ ಹೋಮಿನಲ್ಲಿ ಎರಡೂ ಇಲ್ಲದಿರಬಹುದು.

ಕೈಗೆ ಏನು ತೆಗೆದುಕೊಳ್ಳಬೇಕು? ಮಾತ್ರೆಗಳ ಡಬ್ಬಿಯನ್ನು ಹಾಗೇ ಎತ್ತಿಕೊಳ್ಳಿ. ಚೀಟಿ ಹುಡುಕುತ್ತಾ ಕೂರಬೇಡಿ, ಮಾತ್ರೆಯ ಹಾಳೆಗಳೇ ಎಲ್ಲ ಹೇಳುತ್ತವೆ. "ಬಿಳಿ ಮಾತ್ರೆ, ದಿನಾ ರಾತ್ರಿ ಒಂದು" ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಹಳೆಯ ಡಿಸ್‌ಚಾರ್ಜ್ ಸಮರಿ, ಹಳೆಯ ಇಸಿಜಿ, ಆಧಾರ್, ರೇಷನ್ ಕಾರ್ಡ್, ಇನ್ಶೂರೆನ್ಸ್ ಕಾರ್ಡ್, ಫೋನ್ ಚಾರ್ಜರ್. ಮತ್ತು ಪೇಷಂಟಿಗೆ ಕಾಫಿ, ಎಳನೀರು, ಬ್ರೆಡ್ ಏನೂ ಕೊಡಬೇಡಿ. ಸುಸ್ತಾಗಿದ್ದಾರೆ ಎಂದು ಪ್ರೀತಿಯಿಂದ ಕುಡಿಸಿದ ಒಂದು ಲೋಟ ಹಾಲು, ತುರ್ತು ಆಪರೇಷನ್ ಬೇಕಾದಾಗ ಅರಿವಳಿಕೆಯ ವೇಳೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಪಾರ್ಶ್ವವಾಯು ಹೊಡೆದವರಿಗೆ ನುಂಗುವ ಶಕ್ತಿಯೇ ಕುಂದಿರಬಹುದು. ಶುಗರ್ ಇಳಿದಿದೆ ಎಂಬ ಅನುಮಾನವಿದ್ದು, ಪೂರ್ತಿ ಎಚ್ಚರವಿದ್ದು, ಚೆನ್ನಾಗಿ ನುಂಗಬಲ್ಲವರಾದರೆ ಮಾತ್ರ ಸಕ್ಕರೆ ನೀರು ಕೊಡಬಹುದು.

ಕೆಂಪು, ಹಳದಿ, ಹಸಿರು

ಒಳಗೆ ಹೋದ ಕೂಡಲೇ ಒಬ್ಬ ನರ್ಸ್ ಅಥವಾ ಡಾಕ್ಟರ್ ಒಂದೆರಡು ನಿಮಿಷದಲ್ಲಿ ಪೇಷಂಟನ್ನು ನೋಡಿ ವಿಂಗಡಿಸುತ್ತಾರೆ. ಇದಕ್ಕೆ ಟ್ರಯಾಜ್ ಎನ್ನುತ್ತಾರೆ. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕದ ಮಟ್ಟ, ನಾಡಿ, ಬಿಪಿ, ಉಸಿರಾಟದ ವೇಗ, ಜ್ವರ, ಬೆರಳ ತುದಿ ಚುಚ್ಚಿ ಶುಗರ್ ನೋಡುತ್ತಾರೆ. ಉಸಿರಾಟ, ರಕ್ತಚಲನೆ ಅಥವಾ ಪ್ರಜ್ಞೆಗೆ ಈಗಲೇ ಧಕ್ಕೆ ಇದ್ದವರು ಕೆಂಪು. ಗಂಭೀರ, ಆದರೆ ಸ್ವಲ್ಪ ಹೊತ್ತು ತಡೆಯಬಲ್ಲವರು ಹಳದಿ. ಕಾಯಬಹುದಾದವರು ಹಸಿರು.

ಕಣ್ಣಿಗೆ ಕಾಣುವುದಕ್ಕೂ ಈ ಬಣ್ಣಕ್ಕೂ ಎಷ್ಟೋ ಸಲ ಹೊಂದುವುದೇ ಇಲ್ಲ. ಹುಬ್ಬಿನ ಮೇಲೆ ಸೀಳಿ ಅಂಗಿಯೆಲ್ಲ ರಕ್ತವಾಗಿ ಬಂದ ಹುಡುಗ ಹಸಿರಾಗಿರಬಹುದು. ಮುಖದ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಸಣ್ಣ ಗಾಯಕ್ಕೂ ರಕ್ತ ತುಂಬಾ ಹೋಗುತ್ತದೆ. ಒತ್ತಿ ಹಿಡಿದು ಬ್ಯಾಂಡೇಜ್ ಕಟ್ಟಿದರೆ ಹೊಲಿಗೆಗೆ ಅವನು ಒಂದು ಗಂಟೆ ಕಾಯಬಲ್ಲ. ಅವನ ಪಕ್ಕದಲ್ಲಿ ನಡೆದೇ ಬಂದು, "ಏನೋ ಗ್ಯಾಸ್ಟ್ರಿಕ್ ಇರಬೇಕು ಸಾರ್" ಎನ್ನುತ್ತಾ ಬೆವರುತ್ತಾ ಕೂತ 55ರ ವ್ಯಕ್ತಿ ಕೆಂಪು.

ಒಂದು ಸಲ ಕೊಟ್ಟ ಬಣ್ಣ ಕೊನೆಯವರೆಗೂ ಇರಬೇಕೆಂದಿಲ್ಲ. ನೀವು ಕಾಯುತ್ತಿರುವಾಗ ಉಸಿರು ಜೋರಾಯಿತು, ಮಾತು ತೊದಲಿತು, ಮೈ ತಣ್ಣಗಾಗಿ ಬೆವರಿತು, ಮಂಪರು ಹತ್ತಿತು, ಹೊಸದಾಗಿ ವಾಂತಿಯಾಯಿತು ಎಂದರೆ ಎದ್ದು ಹೋಗಿ ನರ್ಸಿಗೆ ಹೇಳಿ. "ಇನ್ನೂ ಎಷ್ಟು ಹೊತ್ತು?" ಎಂದು ಕೇಳಿದರೆ ಸಿಗುವ ಉತ್ತರ "ಕಾಯಿರಿ" ಅಷ್ಟೇ. "ಬಂದಾಗ ಮಾತಾಡ್ತಿದ್ರು, ಈಗ ಕರೆದ್ರೆ ಕಣ್ಣು ಬಿಡ್ತಿಲ್ಲ" ಎಂದರೆ ನರ್ಸ್ ಎದ್ದು ಬರುತ್ತಾರೆ. ಎರಡು ಮಾತಿಗೂ ಇರುವ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ. ಆಗಿರುವ ಬದಲಾವಣೆಯನ್ನು ಹೇಳಬೇಕು.

ಅದೇ ಪ್ರಶ್ನೆ, ಮೂರು ಜನ

ಟೀಚಿಂಗ್ ಆಸ್ಪತ್ರೆಗಳಲ್ಲಿ ಮೊದಲು ಹೌಸ್ ಸರ್ಜನ್ (ಎಂಬಿಬಿಎಸ್ ಓದಿ ತರಬೇತಿಯಲ್ಲಿರುವವರು) ಬರುತ್ತಾರೆ, ಆಮೇಲೆ ಮುಂದಿನ ಪದವಿಗೆ ಓದುತ್ತಿರುವ ಪಿಜಿ ಡಾಕ್ಟರ್, ಆಮೇಲೆ ಆ ವಿಭಾಗದ ಹಿರಿಯರು. ಎಲ್ಲರೂ ಅದನ್ನೇ ಕೇಳುತ್ತಾರೆ: ಏನಾಯ್ತು, ಯಾವಾಗ ಆಯ್ತು? "ಆಗ್ಲೇ ಹೇಳಿದ್ದೀವಲ್ಲ" ಎಂದು ರೇಗುವುದು ಸಹಜ. ಆದರೆ ಮೂರನೇ ಸಲ ಹೇಳುವಾಗಲೇ "ಹೌದು, ನಿನ್ನೆ ಬಾತ್‌ರೂಮಲ್ಲಿ ಜಾರಿ ಬಿದ್ದಿದ್ರು" ಎಂಬ ಮಾತು ಹೊರಬರುವುದುಂಟು. ಆ ಒಂದು ಮಾತಿನಿಂದ ಸ್ಕ್ಯಾನ್ ಬದಲಾಗುತ್ತದೆ.

ಮನೆಯವರಲ್ಲಿ ನೋಡಿದ್ದನ್ನು ನೋಡಿದ ಹಾಗೆ ಹೇಳಬಲ್ಲ ಒಬ್ಬರು ಪೇಷಂಟ್ ಬಳಿ ಇರಲಿ. ಆರು ಜನ ಸುತ್ತ ನಿಂತು ಆರು ಥರ ಹೇಳಿದರೆ ಮುಖ್ಯವಾದದ್ದು ಕಳೆದುಹೋಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಅಸ್ತಮಾ, ಥೈರಾಯ್ಡ್, ಯಾವ ಔಷಧಿಗೆ ಅಲರ್ಜಿ, ಹಿಂದೆ ಆದ ಆಪರೇಷನ್, ಹೆಣ್ಣುಮಕ್ಕಳಾದರೆ ಗರ್ಭಿಣಿಯೇ ಎಂಬುದು, ಇಷ್ಟನ್ನೂ ಹೇಳಬೇಕು. ರಕ್ತ ತೆಳುವಾಗುವ ಮಾತ್ರೆಯ ವಿಷಯವನ್ನು ಕೇಳದಿದ್ದರೂ ಹೇಳಿ. ಸ್ಟೆಂಟ್ ಹಾಕಿಸಿಕೊಂಡವರು ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿರುತ್ತಾರೆ. ವಾಲ್ವ್ ಬದಲಾಯಿಸಿಕೊಂಡವರು ಅಸಿಟ್ರಾಮ್ ಅಥವಾ ವಾರ್ಫರಿನ್. ಇವರ ತಲೆಗೆ ಬಿದ್ದ ಸಣ್ಣ ಪೆಟ್ಟೂ ಒಳಗೆ ರಕ್ತಸ್ರಾವ ಮಾಡಬಹುದು.

ಕುಡಿದಿದ್ದರು, ಮಾತ್ರೆ ನುಂಗಿಬಿಟ್ಟರು, ಜಗಳದಲ್ಲಿ ಪೆಟ್ಟಾಯಿತು, ಇಂಥದ್ದನ್ನು ಮುಚ್ಚಿಡಬೇಡಿ. ವಿಷ ಕುಡಿದವರನ್ನು ಕರೆತಂದು "ಊಟ ಹಿಡಿಸಿಲ್ಲ, ವಾಂತಿ" ಎಂದು ಹೇಳುವ ಮನೆಯವರ ಭಯ ಅರ್ಥವಾಗುತ್ತದೆ. ಆದರೆ ಯಾವ ಕೀಟನಾಶಕ ಎಂದು ತಿಳಿದರೆ ಮಾತ್ರ ಸರಿಯಾದ ಪ್ರತಿಔಷಧ ಸಿಗುತ್ತದೆ, ಆದ್ದರಿಂದ ಬಾಟಲಿಯನ್ನೇ ತನ್ನಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಸಿಗಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಭಾಷೆಯ ಮಾತನ್ನೂ ಹೇಳಲೇಬೇಕು. ಬೆಂಗಳೂರಿನ ಎಮರ್ಜೆನ್ಸಿಗಳಲ್ಲಿ ಹೊರರಾಜ್ಯದ ಡಾಕ್ಟರ್, ನರ್ಸ್‌ಗಳು ಬಹಳ ಇದ್ದಾರೆ. ಹಾಸನದಿಂದ ಬಂದ ಅಜ್ಜಿಗೆ "ಎದೆ ಹಿಂಡಿದ ಹಾಗೆ" ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. "ಕನ್ನಡ ಬರೋರನ್ನ ಕರೀರಿ" ಎಂದು ಸಂಕೋಚವಿಲ್ಲದೆ ಕೇಳಿ. ಪ್ರತಿ ಪಾಳಿಯಲ್ಲೂ ಸಾಮಾನ್ಯವಾಗಿ ಯಾರಾದರೂ ಸಿಗುತ್ತಾರೆ. ಸಹಿ ಮಾಡಬೇಕಾದ ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಎದೆನೋವು: ಇಸಿಜಿ ನಾರ್ಮಲ್ ಇದ್ದರೂ ಯಾಕೆ ಬಿಡುವುದಿಲ್ಲ

ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕೆನ್ನುವುದು ಎಲ್ಲೆಡೆ ಒಪ್ಪಿದ ನಿಯಮ. ಅಂಗಿ ಬಿಚ್ಚಿಸಿ, ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಎದೆಗೆ ಆರು ಬಟನ್, ಕೈಕಾಲುಗಳಿಗೆ ನಾಲ್ಕು ಕ್ಲಿಪ್ ಹಾಕುತ್ತಾರೆ. ಕೂದಲು ಹೆಚ್ಚಿದ್ದರೆ ಅಲ್ಲಲ್ಲಿ ಬೋಳಿಸುತ್ತಾರೆ. ಅಲುಗಾಡದೆ, ಮಾತಾಡದೆ ಮಲಗಿದರೆ ಸಾಕು. ಕರೆಂಟ್ ಏನೂ ಹರಿಸುವುದಿಲ್ಲ, ಹೃದಯದ್ದೇ ವಿದ್ಯುತ್ತನ್ನು ಯಂತ್ರ ಬರೆದುಕೊಳ್ಳುತ್ತದೆ, ಅಷ್ಟೆ. ಸುಮಾರು ಹತ್ತು ಸೆಕೆಂಡಿನ ಆ ಗುಲಾಬಿ ಚೌಕುಳಿ ಕಾಗದ ಸೀದಾ ಡಾಕ್ಟರ ಕೈಗೆ ಹೋಗುತ್ತದೆ.

ಅದರಲ್ಲಿ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿದ ಲಕ್ಷಣ ಕಂಡರೆ ಮುಂದಿನದೆಲ್ಲ ಓಟ. ಆಸ್ಪತ್ರೆಯ ಬಾಗಿಲಿಗೆ ಬಂದ 90 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗಬೇಕು ಎನ್ನುವುದು ಗುರಿ. ಆ ಸೌಲಭ್ಯ ದೂರವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡುತ್ತಾರೆ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ಹೇಳಿಡಿ. "ಬೆಂಗಳೂರಿಗೇ ಕರ್ಕೊಂಡು ಬನ್ನಿ" ಎಂದು ಫೋನಿನಲ್ಲಿ ಅವಸರಿಸುವ ಮುಂಚೆ ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೇಳಿ.

ಜನ ಎಡವುವುದು ಇಸಿಜಿ ನಾರ್ಮಲ್ ಬಂದಾಗ. "ನಾರ್ಮಲ್ ಅಂತಲ್ಲ, ಮನೆಗೆ ಹೋಗ್ತೀವಿ" ಎಂದು ಎದ್ದುಬಿಡುತ್ತಾರೆ. ಮೊದಲ ಇಸಿಜಿ ಸರಿಯಾಗಿದ್ದೂ ಹೃದಯಾಘಾತ ಇರಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೊಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಬರುತ್ತದೆ, ಆದರೆ ಅದು ಏರಲು ಕೆಲವು ಗಂಟೆ ಬೇಕು. ಆದ್ದರಿಂದಲೇ ಒಂದು ಸಲ ರಕ್ತ ತೆಗೆದು, ಕೆಲವು ಗಂಟೆ ಬಿಟ್ಟು ಮತ್ತೆ ತೆಗೆಯುತ್ತಾರೆ, ಇಸಿಜಿಯನ್ನೂ ಮತ್ತೆ ಮಾಡುತ್ತಾರೆ. ಬಿಲ್ ಏರಿಸಲು ಇಟ್ಟುಕೊಂಡಿದ್ದಾರೆ ಎಂದು ಅನುಮಾನಿಸುವ ಮುನ್ನ "ಎರಡನೇ ಟ್ರೊಪೊನಿನ್ ಎಷ್ಟು ಗಂಟೆಗೆ?" ಎಂದು ಕೇಳಿ. ಉತ್ತರ ಸಿಕ್ಕರೆ ಕಾಯುವುದಕ್ಕೂ ಒಂದು ಅರ್ಥ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಹೆಂಗಸರು, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಆಯಾಸ, ಬೆವರು, ಉಬ್ಬಸ, ದವಡೆ ನೋವಿನ ರೂಪದಲ್ಲೂ ಹೃದಯಾಘಾತ ಬರಬಹುದು.

ಲಕ್ವ: ಗಡಿಯಾರ ನೋಡಿದವರು ಬೇಕು

ಬಾಯಿ ಒಂದು ಕಡೆ ವಾಲಿದೆ, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ. ಮೆದುಳಿನ ರಕ್ತನಾಳ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಆ ಗಡಿಯಾರ ಶುರುವಾಗುವುದು ಆಸ್ಪತ್ರೆಗೆ ಬಂದಾಗಲೂ ಅಲ್ಲ, ನೀವು ಗಮನಿಸಿದಾಗಲೂ ಅಲ್ಲ. ಅವರು ಚೆನ್ನಾಗಿದ್ದದ್ದನ್ನು ಕೊನೆಯ ಬಾರಿ ಯಾರಾದರೂ ನೋಡಿದ ಹೊತ್ತಿನಿಂದ.

ಬೆಳಗ್ಗೆ ಆರಕ್ಕೆ ಎದ್ದಾಗ ಅಮ್ಮನ ಬಲಗೈ ಆಡುತ್ತಿರಲಿಲ್ಲ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಮಲಗಿದ್ದರೆ ಲೆಕ್ಕ ಹತ್ತರಿಂದ. ಆದರೆ ಐದು ಗಂಟೆಗೆ ಅವರೇ ಎದ್ದು ಬಚ್ಚಲಿಗೆ ಹೋಗಿ ಬಂದದ್ದನ್ನು ಮೊಮ್ಮಗಳು ನೋಡಿದ್ದರೆ? ಆಗ ಲೆಕ್ಕ ಐದರಿಂದ, ಚಿಕಿತ್ಸೆಗೆ ಇನ್ನೂ ಸಮಯವಿದೆ. ಮನೆಯಲ್ಲಿದ್ದ ಎಲ್ಲರನ್ನೂ ಕೇಳಿ ಆ ಸಮಯ ಪಕ್ಕಾ ಮಾಡಿಕೊಳ್ಳಿ. ದೊಡ್ಡ ರಕ್ತನಾಳ ಮುಚ್ಚಿದ ಕೆಲವರಲ್ಲಿ ಸ್ಕ್ಯಾನ್ ನೋಡಿ 24 ಗಂಟೆವರೆಗೂ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆ ಸಾಧ್ಯ, ಹಾಗಾಗಿ ತಡವಾಯಿತೆಂದು ಮನೆಯಲ್ಲೇ ಉಳಿಯಬೇಡಿ.

ಮೊದಲು ಶುಗರ್ ನೋಡುತ್ತಾರೆ, ಏಕೆಂದರೆ ಸಕ್ಕರೆ ತೀರಾ ಇಳಿದರೂ ಇದೇ ರೀತಿ ಕಾಣಬಹುದು. ಆಮೇಲೆ ತಕ್ಷಣ ಸಿಟಿ. ರಕ್ತನಾಳ ಮುಚ್ಚಿದೆಯೋ ಒಡೆದಿದೆಯೋ ಎನ್ನುವುದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು, ನಾಲಗೆ ಕೆಳಗೆ ಬಿಪಿ ಮಾತ್ರೆ ಇಡಬಾರದು. ನಾಟಿ ಔಷಧಿ, ಎಣ್ಣೆ ತಿಕ್ಕುವುದು ಎಂದು ಹೋದರೆ ಆ ನಾಲ್ಕೂವರೆ ಗಂಟೆ ಅಲ್ಲೇ ಮುಗಿದುಹೋಗುತ್ತದೆ.

"ಏನೂ ಮಾಡ್ತಿಲ್ಲ" ಎನಿಸುವ ಹೊತ್ತು

ಔಷಧಿ ಕೊಡಲು ಕೈಯ ನರಕ್ಕೆ ಕ್ಯಾನುಲಾ ಎಂಬ ಸಣ್ಣ ನಳಿಕೆ ಹಾಕಿ, ರಕ್ತ ತೆಗೆದು, ಡ್ರಿಪ್ ತೂಗುಹಾಕಿ ಹೋದ ಮೇಲೆ ಒಂದೆರಡು ಗಂಟೆ ಯಾರೂ ಬರಲಿಲ್ಲ ಎನಿಸುತ್ತದೆ. ರಕ್ತದ ವರದಿ ಬರಲು, ಸ್ಕ್ಯಾನ್ ಓದಲು, ತಜ್ಞರು ಬರಲು ಆ ಹೊತ್ತು ಬೇಕು. ಕೆಲವೊಮ್ಮೆ ಕಾಯುವುದೇ ಪರೀಕ್ಷೆ. ಆನೇಕಲ್ ಕಡೆಯಿಂದ ಹಾವು ಕಚ್ಚಿದವರನ್ನು ಕರೆತಂದರೆ, ಒಂದಿಷ್ಟು ರಕ್ತವನ್ನು ಒಣಗಿದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಬಗ್ಗಿಸಿ ನೋಡುತ್ತಾರೆ. ಹೆಪ್ಪುಗಟ್ಟಿದ್ದರೆ ಒಂದು ದಾರಿ, ನೀರಾಗಿ ಹರಿದರೆ ವಿಷ ರಕ್ತಕ್ಕೆ ಸೇರಿದೆ ಎಂದು ತಿಳಿದು ಹಾವಿನ ವಿಷಕ್ಕೆ ಪ್ರತಿಔಷಧವಾದ ಆ್ಯಂಟಿವೆನಮ್ ಶುರು ಮಾಡುತ್ತಾರೆ. ಕಚ್ಚಿದ ಹಾವು ವಿಷದ್ದಲ್ಲದಿರಬಹುದು, ಆ್ಯಂಟಿವೆನಮ್ ತಾನೇ ತೀವ್ರ ಅಲರ್ಜಿ ಮಾಡಬಲ್ಲದು. ಅದಕ್ಕೇ ಲಕ್ಷಣ ನೋಡದೆ ಕೊಡುವುದಿಲ್ಲ. ಆ 20 ನಿಮಿಷದಲ್ಲಿ ಹೊರಗೆ ಗಲಾಟೆ ಎಬ್ಬಿಸಿದವರನ್ನು ಕರೆದು ಆ ನಳಿಕೆಯನ್ನು ತೋರಿಸಿ ಹೇಳಿದ್ದರೆ ಗಲಾಟೆಯೇ ಆಗುತ್ತಿರಲಿಲ್ಲ. ಈ ಮಾತನ್ನು ಆಸ್ಪತ್ರೆಯವರಿಗೂ ಹೇಳಬೇಕು: ಏನು ಮಾಡುತ್ತಿದ್ದೀರಿ ಎಂದು ತಿಳಿಸಲು ಒಂದು ನಿಮಿಷ ಸಾಕು, ಅದನ್ನು ಪೇಷಂಟ್ ಕಡೆಯವರಿಗೆ ಕೊಡಿ.

ನಿಮ್ಮ ಪ್ರಶ್ನೆಗಳೂ ಚಿಕ್ಕದಾಗಿರಲಿ. ಈಗ ಯಾವುದಕ್ಕೆ ಕಾಯುತ್ತಿದ್ದೇವೆ? ಅದು ಬಂದ ಮೇಲೆ ಏನು ನಿರ್ಧಾರ ಆಗುತ್ತದೆ? ಅಷ್ಟರೊಳಗೆ ಏನು ಕಂಡರೆ ನಿಮ್ಮನ್ನು ಕರೆಯಬೇಕು?

ದುಡ್ಡು, ಪೊಲೀಸ್, ಕಾನೂನು

ಖಾಸಗಿ ಆಸ್ಪತ್ರೆಯಲ್ಲಿ ಒಬ್ಬರನ್ನು ಬಿಲ್ಲಿಂಗ್ ಕೌಂಟರಿಗೆ ಕಳಿಸುತ್ತಾರೆ. ಒಬ್ಬರು ಅಲ್ಲಿಗೆ ಹೋಗಲಿ, ಇನ್ನೊಬ್ಬರು ಪೇಷಂಟ್ ಬಿಟ್ಟು ಕದಲಬಾರದು. ಆದರೆ ಅಡ್ವಾನ್ಸ್ ಕಟ್ಟುವವರೆಗೂ ತುರ್ತು ಚಿಕಿತ್ಸೆ ಶುರು ಮಾಡುವುದಿಲ್ಲ ಎನ್ನುವಂತಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ, ಕಾನೂನು ವಿಧಿವಿಧಾನಗಳಿಗೆ ಕಾಯಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, 2017ರಲ್ಲಿ ತಿದ್ದುಪಡಿಯಾಗಿ, ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು, ಬಾಕಿ ಇದೆಯೆಂದು ಮೃತದೇಹವನ್ನು ತಡೆಹಿಡಿಯಬಾರದು ಎಂದು ಸೇರಿಸಿತು. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಯೋಜನೆ ಗೊತ್ತುಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಆದರೆ ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ 'ಆರೋಗ್ಯಮಿತ್ರ' ಇದ್ದಾರಾ ಎಂದು ಕೇಳಿ. ರಸ್ತೆ ಅಪಘಾತಕ್ಕೆ 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ಕ್ಯಾಶ್‌ಲೆಸ್ ಚಿಕಿತ್ಸೆ ಇದೆ. ಖಾಸಗಿ ಇನ್ಶೂರೆನ್ಸ್ ಇದ್ದವರು ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ವ್ಯವಹಾರ ನೋಡುವ ಟಿಪಿಎ ಡೆಸ್ಕಿಗೆ ಬೇಗ ತಿಳಿಸಿ. ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕೆಂದು 2024ರಿಂದ ನಿಯಮವಿದೆ.

ಅಪಘಾತ, ಸುಟ್ಟಗಾಯ, ವಿಷ, ಹೊಡೆದಾಟದ ಪ್ರಕರಣಗಳಲ್ಲಿ ಡಾಕ್ಟರ್ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಅದು ಎಫ್‌ಐಆರ್ ಅಲ್ಲ, ಯಾರ ಮೇಲೂ ಕೇಸಲ್ಲ, ಗಾಯದ ದಾಖಲೆ. "ಎಂಎಲ್‌ಸಿ ಬೇಡ ಸಾರ್" ಎಂದು ಬೇಡಿಕೊಂಡು ಬಿಡಿಸಿಕೊಂಡವರು ಮುಂದೆ ಅಪಘಾತ ಪರಿಹಾರದ ಅರ್ಜಿ ಹಾಕುವಾಗ ಪರದಾಡುತ್ತಾರೆ. ರಸ್ತೆಯಲ್ಲಿ ಬಿದ್ದವರನ್ನು ಕರೆತಂದ ಅಪರಿಚಿತರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ, ಅವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕುವಂತಿಲ್ಲ. ಈ ರಕ್ಷಣೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿತು. ಭಯದಿಂದ ಸಹಾಯಕ್ಕೆ ಹಿಂಜರಿಯಬೇಡಿ.

"ಬೆಡ್ ಇಲ್ಲ, ಬೇರೆ ಕಡೆ ಕರ್ಕೊಂಡ್ಹೋಗಿ"

ಬೆಂಗಳೂರಿನಲ್ಲಿ ಪೇಷಂಟ್ ಕಡೆಯವರನ್ನು ಅತಿ ಹೆಚ್ಚು ಕಂಗೆಡಿಸುವ ಮಾತು ಇದು. ರಾತ್ರಿ ಎರಡು ಗಂಟೆಗೆ ವೆಂಟಿಲೇಟರ್ ಬೆಡ್ ಹುಡುಕುತ್ತಾ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಆಂಬುಲೆನ್ಸ್ ಓಡುವುದನ್ನು ಈ ಊರು ಬಹಳ ನೋಡಿದೆ. ಬೆಡ್ ನಿಜವಾಗಿಯೂ ಇಲ್ಲದಿರಬಹುದು. ಆದರೆ ಬೆಡ್ ಇಲ್ಲದಿದ್ದರೂ ಉಸಿರಾಟ, ಬಿಪಿ ಸ್ಥಿರಗೊಳಿಸುವ ಮೊದಲ ಚಿಕಿತ್ಸೆ ಕೊಡಲೇಬೇಕು. ಬಾಗಿಲಲ್ಲೇ, ಆಂಬುಲೆನ್ಸಿನೊಳಗೆ ಇಣುಕಿ ನೋಡಿ ಕಳಿಸುವುದು ತಪ್ಪು. ಮೊದಲು ಒಳಗೆ ತೆಗೆದುಕೊಂಡು ಸ್ಥಿರ ಮಾಡಿ ಎಂದು ಗಟ್ಟಿಯಾಗಿ, ಆದರೆ ಕೈ ಎತ್ತದೆ, ಬೈಯದೆ ಕೇಳಿ. ವೈದ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ರಾಜ್ಯದ 2009ರ ಕಾಯ್ದೆಯಡಿ ಜೈಲು ಶಿಕ್ಷೆಯಿದೆ. ಅದಕ್ಕಿಂತ ಹೆಚ್ಚಾಗಿ, ಹೊಡೆತ ತಪ್ಪಿಸಿಕೊಳ್ಳಲು ಓಡುತ್ತಿರುವ ಡಾಕ್ಟರ್ ನಿಮ್ಮವರಿಗೆ ಚಿಕಿತ್ಸೆ ಕೊಡಲಾರರು.

ಸಾಗಿಸಲೇಬೇಕಾದರೆ ಹೊರಡುವ ಮುನ್ನ ಇಷ್ಟು ಖಚಿತವಾಗಲಿ. ಆ ಇನ್ನೊಂದು ಆಸ್ಪತ್ರೆಯ ಡಾಕ್ಟರ್ ಜೊತೆ ಇಲ್ಲಿನ ಡಾಕ್ಟರ್ ಮಾತಾಡಿದ್ದಾರಾ, ಬೆಡ್ ಇದೆಯೆಂದು ಒಪ್ಪಿದ್ದಾರಾ, ಒಪ್ಪಿದವರ ಹೆಸರೇನು? ಆಂಬುಲೆನ್ಸಿನಲ್ಲಿ ಆಮ್ಲಜನಕ ಮಾತ್ರ ಇದೆಯಾ, ವೆಂಟಿಲೇಟರೂ ಇದೆಯಾ, ಜೊತೆಗೆ ಬರುವವರು ಯಾರು? ರೆಫರಲ್ ಪತ್ರದಲ್ಲಿ ಕೊಟ್ಟ ಔಷಧಿ ಮತ್ತು ಸಮಯ ಬರೆದಿದ್ದಾರಾ? ಇಸಿಜಿ, ಸ್ಕ್ಯಾನಿನ ಫಿಲ್ಮ್ ಅಥವಾ ಸಿಡಿ ಕೈಯಲ್ಲಿದೆಯಾ? ಸಿಡಿ ಬಿಟ್ಟು ಹೋದರೆ ಅಲ್ಲಿ ಸ್ಕ್ಯಾನ್ ಮತ್ತೆ ಮಾಡಿಸಬೇಕಾಗುತ್ತದೆ, ಸಮಯ ಮತ್ತು ದುಡ್ಡು ಎರಡೂ ಹೋಗುತ್ತವೆ.

ನೀವಾಗಿಯೇ ಕರೆದುಕೊಂಡು ಹೋಗುತ್ತೇವೆ ಎಂದರೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಎಂದು ಬರೆಸಿಕೊಳ್ಳುತ್ತಾರೆ. ಸಹಿ ಹಾಕುವ ಮುಂಚೆ, ದಾರಿಯಲ್ಲಿ ಏನಾಗಬಹುದು ಎಂದು ನೇರವಾಗಿ ಕೇಳಿ. ದುಡ್ಡಿನ ಕಾರಣಕ್ಕೆ ಹೋಗುತ್ತಿದ್ದರೆ ನಾಚಿಕೆಪಡದೆ ಹೇಳಿ, ಸರ್ಕಾರಿ ಆಸ್ಪತ್ರೆಗೆ ಸರಿಯಾದ ಪತ್ರ ಬರೆದು ಕಳಿಸುವ ಡಾಕ್ಟರುಗಳು ಬೇಕಾದಷ್ಟಿದ್ದಾರೆ.

ಮನೆಗೆ ಕಳಿಸಿದಾಗ

ಎಮರ್ಜೆನ್ಸಿಯಿಂದ ಮನೆಗೆ ಹೋಗಿ ಎಂದರೆ ಕಾಯಿಲೆ ಏನೂ ಇಲ್ಲ ಎಂದಲ್ಲ, ಈಗ ಜೀವಕ್ಕೆ ಅಪಾಯ ಕಾಣುತ್ತಿಲ್ಲ ಎಂದು. ಯಾವ ಮಾತ್ರೆ ಎಷ್ಟು ದಿನ, ಯಾವ ಒಪಿಡಿಗೆ ಯಾವಾಗ, ಏನಾದರೆ ವಾಪಸ್ ಬರಬೇಕು ಎಂದು ಬರೆಸಿಕೊಳ್ಳಿ. ತಲೆಗೆ ಪೆಟ್ಟು ಬಿದ್ದು ಸಿಟಿ ಸರಿಯಿದೆ ಎಂದು ಕಳಿಸಿದ್ದರೂ ಮೊದಲ ಒಂದೆರಡು ದಿನ ಒಬ್ಬರು ಜೊತೆಗಿರಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲು ಸೋಲುವುದು, ಅಸಂಬದ್ಧ ಮಾತು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಎನ್ನದೆ ಹೊರಡಿ.

ಇಸಿಜಿ ಕಾಗದ ಬಿಸಿಲು, ಬಿಸಿ, ಪ್ಲಾಸ್ಟಿಕ್ ಕವರಿಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗಬಹುದು. ಅದು ಶಾಖಕ್ಕೆ ಬಣ್ಣ ಬದಲಿಸುವ ಕಾಗದ. ಅವತ್ತೇ ಫೋನಿನಲ್ಲಿ ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ಮಾತ್ರೆ ಡಬ್ಬಿಯ ಜೊತೆಗಿಡಿ. ಮುಂದಿನ ಸಲ ಎದೆನೋವು ಬಂದಾಗ, ಈ ಬದಲಾವಣೆ ಹೊಸದೋ ಹಳೆಯದೋ ಎಂದು ಡಾಕ್ಟರ್ ಹೋಲಿಸಿ ನೋಡುವುದು ಅದರ ಜೊತೆಯಲ್ಲೇ.